ಒಂದು ವಾರ, ಒಂದು ತಿಂಗಳು, ಮೂರು ತಿಂಗಳು

2025ರ ಜೂನ್ ತಿಂಗಳಲ್ಲಿ, ಶಾಲೆಗಳು ಬಾಗಿಲು ತೆರೆದು ಎರಡು ವಾರಗಳಾಗಿದ್ದಾಗ, ಮಾಲೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ನಾಲ್ಕರಿಂದ ಏಳನೆಯ ತರಗತಿಯವರೆಗೆ ನನ್ನ ಮುಂದೆ ಕುಳಿತು ಓದಿದವನು. ಈಗ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದಾನೆ. ಯೋಗಕ್ಷೇಮದ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನನಗೊಂದು ಅರ್ಜಿ ಬರೆದುಕೊಡಬೇಕು. ನಾನು ಬರೆದದ್ದನ್ನ ಅವರು ಪಕ್ಕಕ್ಕಿಡ್ತಾರೆ" ಎಂದ.

ಅವನ ಮಗನಿಗೆ ಆಗ ಆರು ವರ್ಷ ಎಂಟು ತಿಂಗಳು. ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿ ಎರಡು ವರ್ಷಗಳಾಗಿದ್ದವು. ಶಾಲೆಯವರು ಹೆಸರು ದಾಖಲಿಸಿಕೊಂಡಿದ್ದರು, ಆದರೆ ಮಗುವನ್ನು ಹೇಗೆ ಕೂರಿಸಬೇಕು, ಹೇಗೆ ಕಲಿಸಬೇಕು ಎಂಬುದು ಅವರಿಗೆ ತಿಳಿಯದು. ವಿಶೇಷ ಶಿಕ್ಷಕರ ನೆರವು ಬೇಕಾದರೆ ಪ್ರಮಾಣಪತ್ರ ತನ್ನಿ ಎಂದಿತು ಒಂದು ಕಚೇರಿ. ಪ್ರಮಾಣಪತ್ರಕ್ಕೆ ತಜ್ಞರು ಬರುವ ದಿನದವರೆಗೆ ಕಾಯಿರಿ ಎಂದರು ಇನ್ನೊಂದು ಕಡೆ. ತಜ್ಞರು ಬಂದ ದಿನ ಕಾಗದವೊಂದು ಕಡಿಮೆಯಿತ್ತು. ಹೀಗೆ ಹನ್ನೊಂದು ತಿಂಗಳು ಕಳೆದುಹೋಗಿತ್ತು. ಕಚೇರಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಹಲವರು ಇಂದು ಅಂಥವೇ ಕಚೇರಿಗಳಲ್ಲಿ ಕುಳಿತಿದ್ದೀರಿ. ಯಾವ ಹೆಸರು ಹಾಕಿದರೂ ಕಥೆ ಒಪ್ಪುತ್ತದೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಅರ್ಜಿ ಬರೆಯುವುದು ನನಗೆ ಹೊಸ ಕೆಲಸವಲ್ಲ. 1970ರಿಂದ 2006ರವರೆಗೆ ಈ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಪಾಠ ಮಾಡಿದವನಿಗೆ ಹಳ್ಳಿಯವರ ಪಾಲಿಗೆ ಎರಡು ಉದ್ಯೋಗ: ಹಗಲು ಮೇಷ್ಟ್ರು, ಸಂಜೆ ಅರ್ಜಿ ಬರೆಯುವವನು. ಆದರೆ ಈ ಅರ್ಜಿ ಬರೆಯಲು ಕುಳಿತಾಗ ಲೇಖನಿ ಮುಂದೆ ಸಾಗಲಿಲ್ಲ. ಇದೇ ಅರ್ಜಿಯನ್ನು ನಾನು ಹಿಂದೆಯೂ ಬರೆದಿದ್ದೆನಲ್ಲ ಎನ್ನಿಸಿತು.

1974ನೆಯ ಇಸವಿ. ನಾನು ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯೊಂದರ ಏಕೋಪಾಧ್ಯಾಯ ಶಾಲೆಯಲ್ಲಿದ್ದೆ. ಊರಿನಲ್ಲಿ ಮನೆಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಒಂದನೆಯ ತರಗತಿಗೆ ಸೇರುವ ಮಕ್ಕಳು ಐದಾರು ತಿಂಗಳು ಮೌನವಾಗಿಯೇ ಇರುತ್ತಿದ್ದರು. ದಸರಾ ರಜೆ ಕಳೆಯುವ ಹೊತ್ತಿಗೆ ಒಬ್ಬೊಬ್ಬರಾಗಿ ಬಾಯಿ ಬಿಡುತ್ತಿದ್ದರು. ಆ ವರ್ಷ ಸೇರಿದ ಹುಡುಗಿಯೊಬ್ಬಳು ದಸರಾ ಕಳೆದರೂ ಮಾತನಾಡಲಿಲ್ಲ. ಕನ್ನಡ ಬಾರದ ಮಗು ಎಂದುಕೊಂಡೆ. ಎರಡನೆಯ ವರ್ಷವೂ ಅವಳು ಹಾಗೆಯೇ ಇದ್ದುದನ್ನು ಕಂಡು, ಹಾಜರಿ ಪುಸ್ತಕದ ಷರಾ ಅಂಕಣದಲ್ಲಿ ನನ್ನ ಕೈಯಾರೆ 'ಮಂದಬುದ್ಧಿ' ಎಂದು ಬರೆದೆ. ಮೂರನೆಯ ವರ್ಷ ದೀಪಾವಳಿಯ ಹಿಂದಿನ ದಿನ ಹುಡುಗರು ಶಾಲೆಯ ಅಂಗಳದಲ್ಲಿ ಪಟಾಕಿ ಹಚ್ಚಿದರು. ಎಲ್ಲ ಮಕ್ಕಳೂ ಬೆಚ್ಚಿ ತಿರುಗಿದರು. ಅವಳು ಮಾತ್ರ ಸ್ಲೇಟಿನ ಮೇಲೆ ಬಗ್ಗಿ ಅಕ್ಷರ ತಿದ್ದುತ್ತಿದ್ದಳು. ಅಕ್ಷರಗಳು ದುಂಡಾಗಿದ್ದವು.

ಆ ರಾತ್ರಿಯೇ ಮೇಲಿನ ಕಚೇರಿಗೆ ಪತ್ರ ಬರೆದೆ: ಇಂಥ ಮಗುವಿಗೆ ಎಲ್ಲಿ ಶಾಲೆಯಿದೆ, ಏನು ನೆರವು ದೊರೆಯುತ್ತದೆ, ದಯಮಾಡಿ ತಿಳಿಸಬೇಕು. ಉತ್ತರ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ನಿಗದಿತ ನಮೂನೆಯಲ್ಲಿ ವಿವರ ಸಲ್ಲಿಸುವುದು ಎಂದಿತ್ತು. ನಮೂನೆಯನ್ನು ಲಗತ್ತಿಸಿರಲಿಲ್ಲ. ಅಷ್ಟರಲ್ಲಿ ಅವಳ ತಂದೆ ಅವಳನ್ನು ಶಾಲೆ ಬಿಡಿಸಿ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಕೂರಿಸಿಕೊಂಡಿದ್ದ.

ಈ ಪ್ರಸಂಗವನ್ನು ಹಲವು ವರ್ಷ ಕಚೇರಿಯ ಮೇಲಿನ ದೂರಾಗಿಯೇ ಹೇಳುತ್ತ ಬಂದೆ. ಲೆಕ್ಕ ಹಾಕಿ ನೋಡಿದರೆ ಕಚೇರಿ ತಡಮಾಡಿದ್ದು ಹದಿನಾಲ್ಕು ತಿಂಗಳು, ನಾನು ಎರಡೂವರೆ ವರ್ಷ. ಆ ಹುಡುಗಿಯನ್ನು ಮುಂದೆ ಒಮ್ಮೆ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಕಂಡೆ. ಕಂಕುಳಲ್ಲಿ ಕೂಸಿತ್ತು. ನನ್ನ ಗುರುತು ಹಿಡಿದು, ಅಂಗೈಯ ಮೇಲೆ ಬೆರಳಿನಿಂದ 'ಅ' ಬರೆದು ತೋರಿಸಿ ನಕ್ಕಳು. ನಾನು ನಗಲಾರದೆ ಬಸ್ಸು ಹತ್ತಿದೆ.

ಅವಳಿಗೆ ಬೇಕಾದ ಶಾಲೆ ನಮ್ಮ ರಾಜ್ಯದಲ್ಲಿ ಇರಲಿಲ್ಲವೆಂದಲ್ಲ. ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯನ್ನು ಆರಂಭಿಸಿದ್ದು 1901ರಲ್ಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದೇ ಊರಿನಲ್ಲಿ 1966ರಲ್ಲಿ ಸ್ಥಾಪನೆಯಾಯಿತು. ನಾನು ಆ ಪತ್ರ ಬರೆಯುವ ವೇಳೆಗೆ ಮೊದಲನೆಯದಕ್ಕೆ ಎಪ್ಪತ್ತು ದಾಟಿತ್ತು. ಆದರೆ ಮುಳಬಾಗಿಲಿನಿಂದ ಮೈಸೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅದಕ್ಕಿಂತ ದೊಡ್ಡ ದೂರವೆಂದರೆ, ಅಂಥದೊಂದು ಶಾಲೆಯಿದೆ ಎಂಬ ಸುದ್ದಿ ನನ್ನಂಥ ಉಪಾಧ್ಯಾಯನ ಮೇಜಿನವರೆಗೆ ಬಂದಿರಲೇ ಇಲ್ಲ. ಇನ್ನೊಂದು ಸಂಗತಿ ನನಗೆ ನಿವೃತ್ತಿಯ ನಂತರ ಓದಿ ತಿಳಿದದ್ದು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲಿಯೇ ಓದಿಸಲು ನೆರವು ನೀಡುವ ಸಮನ್ವಯ ಶಿಕ್ಷಣದ ಯೋಜನೆಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು ಅದೇ 1974ರಲ್ಲಿ, ಅವಳು ನನ್ನ ಶಾಲೆಗೆ ಸೇರಿದ ವರ್ಷ. ಅದು ಮೊದಲು ಸಮಾಜ ಕಲ್ಯಾಣ ಸಚಿವಾಲಯದಲ್ಲಿತ್ತು; ಶಿಕ್ಷಣ ಇಲಾಖೆಗೆ ಬಂದದ್ದು 1982ರಲ್ಲಿ. ಶಾಲೆಯ ಮಕ್ಕಳ ಯೋಜನೆ ಶಾಲೆಯ ಇಲಾಖೆಗೆ ಬರಲು ಎಂಟು ವರ್ಷ ಹಿಡಿಯಿತು.

ಅದಕ್ಕೂ ಹಿಂದಿನ ಮಾತು ಹೇಳಬೇಕಾದರೆ, ನಮ್ಮ ಸಂವಿಧಾನದಲ್ಲಿ ಒಂದು ಗಡುವು ಇತ್ತು. 45ನೆಯ ವಿಧಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ ಕಡ್ಡಾಯ ಶಿಕ್ಷಣ ಒದಗಿಸಲು ಸರ್ಕಾರ ಪ್ರಯತ್ನಿಸಬೇಕೆಂದಿತ್ತು. 1950ಕ್ಕೆ ಹತ್ತು ಕೂಡಿಸಿದರೆ 1960. ಶಿಕ್ಷಣವು ಮೂಲಭೂತ ಹಕ್ಕಾಗುವ ತಿದ್ದುಪಡಿ ಆದದ್ದು 2002ರಲ್ಲಿ, ಅದರ ಕಾನೂನು ಬಂದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಡುವೆ 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ವಿಕಲ ಮಕ್ಕಳ ಬಗ್ಗೆ ಪ್ರಾಮಾಣಿಕವಾಗಿ ಯೋಚಿಸಿತ್ತು. ಅದು ಇಟ್ಟ ಗುರಿ ಏನೆಂದರೆ, 1986ರ ಹೊತ್ತಿಗೆ ಅಂಧ, ಕಿವುಡ ಮತ್ತು ಅಂಗ ಊನವಾದ ಮಕ್ಕಳಲ್ಲಿ ಸುಮಾರು ಶೇಕಡ 15ರಷ್ಟು, ಬುದ್ಧಿಮಾಂದ್ಯ ಮಕ್ಕಳಲ್ಲಿ ಶೇಕಡ 5ರಷ್ಟು ಮಂದಿಗೆ ಶಿಕ್ಷಣ. ಗಣಿತದ ಮೇಷ್ಟ್ರಾಗಿ ಹೇಳುವುದಾದರೆ, ಗುರಿ ಪೂರ್ತಿ ಈಡೇರಿದ್ದರೂ ಇಪ್ಪತ್ತು ವರ್ಷದ ಕೊನೆಗೆ ನೂರರಲ್ಲಿ 85 ಮಕ್ಕಳು, 95 ಮಕ್ಕಳು ಹೊರಗೇ ಇರಬೇಕಿತ್ತು. ಅಂದಿನ ಹಣದ ಮುಗ್ಗಟ್ಟಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಧೈರ್ಯ ಬಂದಿರಲಾರದು, ನಾನು ದೂರುತ್ತಿಲ್ಲ.

ಎಣಿಕೆಯೂ ತಡವೇ. ಬ್ರಿಟಿಷರ ಕಾಲದಲ್ಲಿ 1872ರಿಂದ 1931ರವರೆಗೆ ಜನಗಣತಿಯಲ್ಲಿ ಕುರುಡು, ಕಿವುಡುಗಳನ್ನು ಲೆಕ್ಕ ಮಾಡುತ್ತಿದ್ದರು. 1941ರಿಂದ ಆ ಪ್ರಶ್ನೆಯನ್ನೇ ಕೈಬಿಟ್ಟರು. ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು 1981ರಲ್ಲಿ ಕೇಳಿ, 1991ರಲ್ಲಿ ಮತ್ತೆ ಬಿಟ್ಟು, 2001ರಲ್ಲಿ ಮರಳಿ ಸೇರಿಸಿದರು. ಗಣತಿಗೆ ಮನೆಮನೆ ತಿರುಗಿದವರು ನಾವೇ ಉಪಾಧ್ಯಾಯರು. 2001ರಲ್ಲಿ ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ ಈ ಪ್ರಶ್ನೆ ಕೇಳಿದಾಗ ತಾಯಂದಿರು ಒಳಗಿದ್ದ ಮಗುವನ್ನು ಹೇಳದೆ ಬಾಗಿಲು ಅರ್ಧ ಮುಚ್ಚುತ್ತಿದ್ದುದನ್ನು ಕಂಡಿದ್ದೇನೆ. 2011ರ ಗಣತಿಯಲ್ಲಿ ಕರ್ನಾಟಕದ ಸಂಖ್ಯೆ ಸುಮಾರು 13 ಲಕ್ಷ 24 ಸಾವಿರ ಎಂದು ಬಂತು. ಅರ್ಧ ಮುಚ್ಚಿದ ಬಾಗಿಲುಗಳು ಆ ಲೆಕ್ಕದಲ್ಲಿಲ್ಲ.

ಶ್ರೀನಿವಾಸಪುರ ಎಂದಾಗ ಕ್ಯಾಲಿಪರಿನ ಹುಡುಗ ನೆನಪಾಗುತ್ತಾನೆ. ಅವನ ಜೊತೆ ಓದಿದವರು ಇದನ್ನು ಓದುತ್ತಿದ್ದರೆ ತಕ್ಷಣ ಗುರುತಿಸುತ್ತೀರಿ, ಹೆಸರು ಹೇಳಬೇಕಾಗಿಲ್ಲ. ಪೋಲಿಯೋದಿಂದ ಒಂದು ಕಾಲು ಸೊರಗಿತ್ತು. ಅಂಗವಿಕಲರ ವರ್ಷ ಕಳೆದ ಮೇಲೆ ಒಂದು ತಪಾಸಣಾ ಶಿಬಿರ ನಡೆಯಿತು. ಅಲ್ಲಿಗೆ ಅವನನ್ನು ನನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ತೊಡೆಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದು ಅಳತೆ ಬರೆದುಕೊಂಡರು. ಕ್ಯಾಲಿಪರ್ ಬಂದದ್ದು ಹದಿನಾರು ತಿಂಗಳ ನಂತರ, ಇನ್ನೊಂದು ಶಿಬಿರದಲ್ಲಿ, ಹಾರ ತುರಾಯಿಗಳೊಡನೆ. ಒಂಬತ್ತು ವರ್ಷದ ಹುಡುಗನ ಅಳತೆಯ ಕ್ಯಾಲಿಪರು ಹತ್ತು ದಾಟಿದವನ ಕಾಲಿಗೆ ಹೇಗೆ ಹಿಡಿಸೀತು? ಮಂಡಿಯ ಕೀಲು ಮಂಡಿಗಿಂತ ಮೇಲಕ್ಕೆ ಬರುತ್ತಿತ್ತು. ಹೊಸ ಅಳತೆ ಕೊಡಿ, ಮತ್ತೆ ಕಳುಹಿಸುತ್ತೇವೆ ಎಂದರು. ಅವನ ಅಜ್ಜ ಅದನ್ನು ಊರಿನ ಆಚಾರಿಯ ಬಳಿ ಒಯ್ದು, ಕಬ್ಬಿಣದ ಪಟ್ಟಿ ಬೆಸೆಸಿ, ಬೂಟಿನ ಅಡಿಗೆ ಮಾವಿನ ಹಲಗೆ ಹೊಡೆಸಿದ. ಸರ್ಕಾರದ ಕಬ್ಬಿಣ, ಆಚಾರಿಯ ಬೆಸುಗೆ, ತೋಟದ ಮಾವು: ಅವನು ಅದರ ಮೇಲೆ ಎಸ್.ಎಸ್.ಎಲ್.ಸಿ.ವರೆಗೆ ನಡೆದ. ಈಗ ಮಾವಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕಡತ ಎಷ್ಟು ವರ್ಷ ಬಿದ್ದಿದ್ದರೂ ಒಂದಂಗುಲ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ನಮಗೆಲ್ಲ ಬಹಳ ನಿರೀಕ್ಷೆಯಿತ್ತು. ಶಾಲೆಯ ದೂರು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಕೋಲಾರದಲ್ಲಿಯೇ ಕೇಳುವವರಿದ್ದಾರೆ ಎಂದುಕೊಂಡೆವು. ಸೋರುವ ಚಾವಣಿ, ಕುಡಿಯುವ ನೀರು, ಉಪಾಧ್ಯಾಯರ ವರ್ಗಾವಣೆ ಇವುಗಳಿಗೆ ಕೇಳುವವರು ಸಿಕ್ಕಿದ್ದೂ ನಿಜ. ಆದರೆ ಒಂದು ಹಳ್ಳಿಯಲ್ಲಿ ಅಂಥ ಮಗು ಒಂದೋ ಎರಡೋ. ಅವರ ಮನೆಯ ಮತಗಳು ನಾಲ್ಕೋ ಐದೋ. (2021ರಲ್ಲಿ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ ಮುಗಿದ ಮೇಲಂತೂ ವರ್ಷಾನುಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.)

ನಿಜವಾದ ಬದಲಾವಣೆ ನಾನು ಕಂಡದ್ದು ತೊಂಬತ್ತರ ದಶಕದಲ್ಲಿ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ನಾವೆಲ್ಲ ಡಿ.ಪಿ.ಇ.ಪಿ. ಎನ್ನುತ್ತಿದ್ದದ್ದು, ಮೊದಲ ಹಂತದಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಬಂತು: ಬೆಳಗಾವಿ, ರಾಯಚೂರು, ಮಂಡ್ಯ ಮತ್ತು ನಮ್ಮ ಕೋಲಾರ. ಆಗ ಚಿಕ್ಕಬಳ್ಳಾಪುರದ ಕಡೆಯ ತಾಲ್ಲೂಕುಗಳೂ ನಮ್ಮ ಜಿಲ್ಲೆಯಲ್ಲಿಯೇ ಇದ್ದವು. ಅವು ಬೇರೆಯಾದದ್ದು 2007ರಲ್ಲಿ. ಆ ಕಾರ್ಯಕ್ರಮದ ತರಬೇತಿಯೊಂದರಲ್ಲಿ, ಐವತ್ತರ ಹೊಸ್ತಿಲಲ್ಲಿದ್ದ ನಾನು ಮೊಟ್ಟಮೊದಲ ಬಾರಿಗೆ ಕಲಿತೆ: ಕರೆದಾಗ ಮಗು ಯಾವಾಗಲೂ ಒಂದೇ ಕಡೆಗೆ ತಲೆ ತಿರುಗಿಸಿದರೆ ಇನ್ನೊಂದು ಕಿವಿಯನ್ನು ಸಂಶಯಿಸಿರಿ, ನೀವು ಬೆನ್ನು ತಿರುಗಿಸಿ ಹೇಳಿದ್ದನ್ನು ಮಾತ್ರ ತಪ್ಪು ಬರೆಯುವ ಮಗು ಸೋಮಾರಿಯಲ್ಲ, ನಿಮ್ಮ ತುಟಿ ಓದುತ್ತಿದೆ. ಇದನ್ನು ಹೇಳಿಕೊಡಲು ಬೇಕಾದದ್ದು ಅರ್ಧ ಗಂಟೆ. 1974ಕ್ಕೆ ಮೊದಲೇ ಯಾರಾದರೂ ನನಗೆ ಆ ಅರ್ಧ ಗಂಟೆ ಕೊಟ್ಟಿದ್ದರೆ!

1995ರ ಅಂಗವಿಕಲರ ಕಾಯಿದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. 2001ರಿಂದ ಸರ್ವ ಶಿಕ್ಷಣ ಅಭಿಯಾನ ಯಾವ ಮಗುವನ್ನೂ ಶಾಲೆ ನಿರಾಕರಿಸುವಂತಿಲ್ಲ ಎಂದಿತು. ಪ್ರತಿ ಮಗುವಿಗೆ ವರ್ಷಕ್ಕೆ 1,200 ರೂಪಾಯಿಯವರೆಗೆ ಖರ್ಚು ಮಾಡಲು ಅವಕಾಶ ಕೊಟ್ಟಿತು, ಮುಂದೆ ಅದು 3,000 ಆಯಿತು. ತೀವ್ರ ನ್ಯೂನತೆಯುಳ್ಳ ಮಗುವಿಗೆ ಮನೆಯಲ್ಲಿಯೇ ಕಲಿಯುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿತು. ತಾಲ್ಲೂಕಿನ ಸಂಪನ್ಮೂಲ ಕೇಂದ್ರಗಳಿಗೆ ಬಿ.ಐ.ಇ.ಆರ್.ಟಿ. ಎಂಬ ವಿಶೇಷ ಶಿಕ್ಷಕರು ಬಂದರು. ಅವರಲ್ಲಿ ಕೆಲವರನ್ನು ನಾನು ಬಲ್ಲೆ. ನೂರಾರು ಶಾಲೆಗಳಿರುವ ತಾಲ್ಲೂಕಿಗೆ ಬೆರಳೆಣಿಕೆಯ ಮಂದಿ. ಬಸ್ಸಿಲ್ಲದ ಊರಿಗೆ ಸ್ವಂತ ಸ್ಕೂಟರಿನಲ್ಲಿ ಹೋಗಿ, ಮಗುವಿನ ಎದುರು ನೆಲದ ಮೇಲೆ ಕುಳಿತು ಗುಂಡಿ ಹಾಕುವುದನ್ನು, ಚಮಚ ಹಿಡಿಯುವುದನ್ನು ಕಲಿಸುವವರು. ಅವರು ತಡವಾಗಿ ಬಂದರೆ ತಪ್ಪು ಅವರದಲ್ಲ. ಹೆಸರುಗಳು ಮಾತ್ರ ಎಂದೂ ತಡಮಾಡಲಿಲ್ಲ. ಅಂಗವಿಕಲ, ವಿಕಲಚೇತನ, ವಿಶೇಷ ಅಗತ್ಯವುಳ್ಳ ಮಗು, ದಿವ್ಯಾಂಗ ಎಂದು ನನ್ನ ಕಣ್ಣೆದುರಿಗೇ ಎಷ್ಟೋ ಬಾರಿ ನಾಮಕರಣವಾಯಿತು.

ಈಗ ಗಡುವಿನ ಪ್ರಶ್ನೆಗೆ ಬರುತ್ತೇನೆ. ಮಾಲೂರಿನ ಅರ್ಜಿಗಾಗಿ ನಾನು ಹಳೆಯ ಹೊಸ ನಿಯಮಗಳನ್ನೆಲ್ಲ ಮೊಮ್ಮಗಳ ಸಹಾಯದಿಂದ ತೆಗೆಸಿ ಓದಿದೆ. 1995ರ ಕಾಯಿದೆಯ ನಿಯಮಗಳನ್ನು 2009ರಲ್ಲಿ ತಿದ್ದಿದಾಗ, ಪ್ರಮಾಣಪತ್ರವನ್ನು ಸಾಧ್ಯವಾದಷ್ಟು ಮಟ್ಟಿಗೆ ಒಂದು ವಾರದಲ್ಲಿ, ಎಷ್ಟೇ ತಡವಾದರೂ ಒಂದು ತಿಂಗಳೊಳಗೆ ಕೊಡಬೇಕೆಂದು ಬರೆದಿದ್ದರು. 2016ರಲ್ಲಿ ಹೊಸ ಕಾಯಿದೆ ಬಂತು. ಏಳಿದ್ದ ನ್ಯೂನತೆಗಳು ಇಪ್ಪತ್ತೊಂದಾದವು, ಆಟಿಸಂ ಸೇರಿತು. 2017ರ ಅದರ ನಿಯಮಗಳಲ್ಲಿ ವಾರದ ಮಾತು ಮಾಯವಾಗಿ ತಿಂಗಳು ಉಳಿಯಿತು. 2024ರ ಅಕ್ಟೋಬರಿನಲ್ಲಿ ಅದನ್ನೂ ತಿದ್ದಿ ಮೂರು ತಿಂಗಳು ಮಾಡಿದರು. ನನ್ನ ವಿದ್ಯಾರ್ಥಿ ಅರ್ಜಿ ಕೊಟ್ಟದ್ದು 2024ರ ಜುಲೈ ತಿಂಗಳಲ್ಲಿ. ಆಗ ಒಂದು ತಿಂಗಳ ನಿಯಮವಿತ್ತು. ಅವನು ಸಾಲಿನಲ್ಲಿ ನಿಂತು ಕಾಯುತ್ತಿರುವಾಗಲೇ ಗಡುವು ಮೂರು ಪಟ್ಟು ಬೆಳೆಯಿತು, ಬೆಳೆದ ಗಡುವೂ ಕಳೆದುಹೋಯಿತು.

ಅದೇ 2016ರ ಕಾಯಿದೆಯಲ್ಲಿ ಇನ್ನೊಂದು ವಿಚಿತ್ರ ಕಂಡೆ. ಉದ್ಯೋಗದಲ್ಲಿ ತಾರತಮ್ಯವಾದರೆ ದೂರು ಕೇಳಲು ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಒಬ್ಬ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆಯಾಗಬೇಕು ಎಂದು 23ನೆಯ ಕಲಮು ಹೇಳುತ್ತದೆ. ಇದು ಒಳ್ಳೆಯದೇ. ಆದರೆ ಮಕ್ಕಳ ಶಿಕ್ಷಣವನ್ನು ಹೇಳುವ 16, 17ನೆಯ ಕಲಮುಗಳಲ್ಲಿ ನೆರವು ಎಷ್ಟು ದಿನದೊಳಗೆ ತಲುಪಬೇಕೆಂಬ ಮಾತೇ ಇಲ್ಲ. ದೊಡ್ಡವರ ದೂರಿಗೆ ಎರಡು ವಾರ. ಒಂದನೆಯ ತರಗತಿಯ ಮಗುವಿಗೆ ದಿನವಿಲ್ಲ, ವಾರವಿಲ್ಲ. ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು, ನಿಜ. ಆದರೆ ಅದನ್ನು ಬರೆಯಬಲ್ಲವರು ಮನೆಯಲ್ಲಿರಬೇಕು, ಬರೆದರೆ ಇರುವ ಸೌಲಭ್ಯವೂ ತಪ್ಪೀತೆಂಬ ಹೆದರಿಕೆ ಇರಬಾರದು.

ಗಡುವಿದ್ದರೆ ಎಲ್ಲವೂ ಸರಿಹೋಗುತ್ತದೆಯೆ? ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳೊಡನೆ ಈ ವಿಷಯ ಮಾತನಾಡಿದಾಗ ಅವಳು ನಕ್ಕಳು. ಅಲ್ಲಿ 2014ರ ಕಾಯಿದೆಯ ಪ್ರಕಾರ, ಕೋರಿಕೆ ಸಲ್ಲಿಸಿದ 20 ವಾರಗಳೊಳಗೆ ಸ್ಥಳೀಯ ಸಂಸ್ಥೆ ಮಗುವಿನ ನೆರವಿನ ಯೋಜನೆಯನ್ನು ಕೈಗೆ ಕೊಡಬೇಕು. ಅವಳ ಮಗನಿಗೆ 31 ವಾರ ಹಿಡಿಯಿತಂತೆ. ಈಚಿನ ವರ್ಷಗಳಲ್ಲಿ ಇಡೀ ದೇಶದಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ಹೇಳಿದ ವೇಳೆಗೆ ಯೋಜನೆ ದೊರೆಯುತ್ತಿದೆ. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ದೂರು ಕೇಳುವ ಒಂಬುಡ್ಸ್‌ಮನ್, ಮಗು ಕಳೆದುಕೊಂಡ ಪ್ರತಿ ಶಾಲಾ ಅವಧಿಗೆ ಸಾಮಾನ್ಯವಾಗಿ 900ರಿಂದ 2,400 ಪೌಂಡುಗಳವರೆಗೆ ಪರಿಹಾರ ಸೂಚಿಸುತ್ತಾರೆ. ಕಳೆದುಹೋದ ಪಾಠಕ್ಕೆ ಹಣದಲ್ಲಿ ಬೆಲೆ ಕಟ್ಟುವುದು ನನಗೆ ಮೊದಲು ಸರಿಬರಲಿಲ್ಲ. ಆಮೇಲೆ ಯೋಚಿಸಿದೆ: ಬೆಲೆ ಕಟ್ಟಬೇಕಾದರೆ ಮೊದಲು ಎಣಿಸಬೇಕು. ಎಷ್ಟು ತಿಂಗಳು ಕಳೆಯಿತೆಂದು ಅಲ್ಲಿ ಯಾರೋ ಒಬ್ಬರು ಕುಳಿತು ಎಣಿಸುತ್ತಾರೆ.

ನಮ್ಮಲ್ಲಿ ಎಣಿಸಿದ್ದು ಸರ್ವೋಚ್ಚ ನ್ಯಾಯಾಲಯ. 2021ರ ಅಕ್ಟೋಬರಿನಲ್ಲಿ ಅದು ವಿಶೇಷ ಶಿಕ್ಷಕರ ಹುದ್ದೆಗಳನ್ನು ತುಂಬಬೇಕೆಂದು ತೀರ್ಪು ಕೊಟ್ಟಿತು. 2022ರಲ್ಲಿ ಪ್ರಾಥಮಿಕ ತರಗತಿಗಳಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಹುದ್ದೆಗಳ ಸಂಖ್ಯೆಯನ್ನು ಮೂರು ವಾರದೊಳಗೆ ಅಧಿಸೂಚಿಸಿರೆಂದು 2025ರ ಮಾರ್ಚ್ 7ರಂದು ನ್ಯಾಯಾಲಯವೇ ಮತ್ತೆ ರಾಜ್ಯಗಳಿಗೆ ಹೇಳಬೇಕಾಯಿತು. ಮೂರೂವರೆ ವರ್ಷದ ಹಿಂದೆ ಒಂದನೆಯ ತರಗತಿಯಲ್ಲಿದ್ದ ಮಗು ಆ ಹೊತ್ತಿಗೆ ನಾಲ್ಕನೆಯ ತರಗತಿಯನ್ನು ಮುಗಿಸುತ್ತಿತ್ತು.

ಕೊನೆಗೆ ಅರ್ಜಿಯನ್ನು ಬರೆದೆ. 'ಬಡವನ ಮೇಲೆ ಕೃಪೆ ತೋರಬೇಕಾಗಿ ಬೇಡಿಕೊಳ್ಳುತ್ತೇನೆ' ಎಂಬ ಸಾಲನ್ನು, ಮೂವತ್ತಾರು ವರ್ಷ ಬರೆದ ಸಾಲನ್ನು, ಈ ಬಾರಿ ಬರೆಯಲಿಲ್ಲ. ಎಡಗಡೆ ದಿನಾಂಕ, ಬಲಗಡೆ ಆ ದಿನ ಮಗುವಿನ ವಯಸ್ಸು. ಅರ್ಜಿ ಸಲ್ಲಿಸಿದ್ದು: ಐದು ವರ್ಷ ಒಂಬತ್ತು ತಿಂಗಳು. ತಜ್ಞರ ಮುಂದೆ ಹಾಜರಾದದ್ದು: ಆರು ವರ್ಷ ಎರಡು ತಿಂಗಳು. ಕಾಗದ ಕಡಿಮೆಯೆಂದು ಹಿಂದಿರುಗಿಸಿದ್ದು: ಅದೇ ದಿನ. ಹೀಗೆ ಒಂದು ಪುಟವಾಯಿತು. ಕೆಳಗೆ ನಿಯಮದ ಉಲ್ಲೇಖ ಹಾಕಿ, "ಕೊಟ್ಟು ಬರಬೇಡ, ಎರಡನೆಯ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಬಾ" ಎಂದು ಹೇಳಿ ಕಳುಹಿಸಿದೆ. ಹಾಕಿಸಿಕೊಂಡು ಬಂದ, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿದ.

ಆಗಸ್ಟ್ ಕೊನೆಯ ವಾರದಲ್ಲಿ ಪ್ರಮಾಣಪತ್ರ ಕೈಸೇರಿತು. ವಿಶೇಷ ಶಿಕ್ಷಕರು ಇನ್ನೂ ಆ ಶಾಲೆಗೆ ಬಂದಿಲ್ಲ. ಎರಡನೆಯ ಅರ್ಜಿಯನ್ನು ಮೊನ್ನೆ ಸೋಮವಾರ ಬರೆದುಕೊಟ್ಟೆ. ಬಲಗಡೆಯ ಕೊನೆಯ ಸಾಲಿನಲ್ಲಿ ಏಳು ವರ್ಷ ಎರಡು ತಿಂಗಳು ಎಂದಿದೆ.